ಕುರಿಸಂತೆಯಿಂದ ಅಕ್ಷರಗುಂಡಿನವರೆಗೆ: ಒಂದು ‘ಹತ್ತರ’ ನಾಣ್ಯದ ಹಾದಿ

ಬಯಲುಸೀಮೆಯ ದನ-ಕುರಿ ಸಂತೆಗಳಲ್ಲಿ ಬೆಲೆ ಕುದುರುವುದು ಬಹುಮಟ್ಟಿಗೆ ಬೆರಳುಗಳಿಂದ. ದಲ್ಲಾಳಿ ಹೆಗಲ ಮೇಲಿನ ಟವೆಲ್ಲನ್ನು ಮುಂಗೈ ಮೇಲೆ ಇಳಿಬಿಡುತ್ತಾನೆ. ಅದರ ಮರೆಯಲ್ಲಿ ಕೊಳ್ಳುವವನ ಬೆರಳುಗಳನ್ನು ಹಿಡಿದು ಒತ್ತುತ್ತಾನೆ. ಎಷ್ಟು ಬೆರಳು, ಯಾವ ಬೆರಳು ಎಂಬುದು ಆ ಇಬ್ಬರಿಗೆ ಮಾತ್ರ ಗೊತ್ತು. ಸುತ್ತ ನಿಂತವರಿಗೆ ಕಾಣುವುದು ಟವೆಲ್ಲಿನ ಅಲುಗಾಟವೊಂದೇ. ಕುರಿ, ಕಂಬಳಿ, ಕಡಲೆಕಾಯಿ ಎಣ್ಣೆಗೆ ಹೆಸರಾದ ಚಳ್ಳಕೆರೆಯಂಥ ಊರಿನಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಈ ಲೆಕ್ಕಾಚಾರ ಹೊಸದಲ್ಲ. ಆದರೆ ಅದೇ ಮಕ್ಕಳು ಶಾಲೆಯಲ್ಲಿ ಇಂಗ್ಲಿಷಿನ ‘ಡಿಜಿಟ್’ ಎಂಬ ಪದ ಕಲಿಯುವಾಗ, ಅದು ಲ್ಯಾಟಿನ್ ಭಾಷೆಯ ‘ಡಿಜಿಟಸ್’, ಅಂದರೆ ಬೆರಳು ಎಂಬ ಪದದಿಂದ ಬಂತೆಂದು ಯಾರೂ ಹೇಳಿರುವುದಿಲ್ಲ. ರೋಮನರೂ ಎಣಿಸುತ್ತಿದ್ದುದು ಬೆರಳಿನಲ್ಲೇ.

ಸಂತೆಯಲ್ಲಿ ಇನ್ನೂ ಒಂದು ಮಾತಿದೆ. ಸಂಸ್ಕೃತದ ‘ಪಶು’ವಿಗೆ ಲ್ಯಾಟಿನ್ನಿನಲ್ಲಿ ಒಬ್ಬ ಸೋದರನಿದ್ದಾನೆ: ‘ಪೆಕು’. ಅರ್ಥ ಅದೇ, ಮಂದೆ. ಈ ‘ಪೆಕು’ವಿನಿಂದ ರೋಮನರು ‘ಪೆಕೂನಿಯ’ ಎಂಬ ಪದ ಮಾಡಿಕೊಂಡರು. ಅದರ ಅರ್ಥ ಹಣ. ಕುರಿ ಎಷ್ಟಿವೆ ಎಂಬುದೇ ಐಶ್ವರ್ಯದ ಅಳತೆಯಾಗಿದ್ದ ಕಾಲದ ನೆನಪು ಅದು. ಕನ್ನಡ ಇದೇ ದಾರಿಯಲ್ಲಿ ಎದುರು ದಿಕ್ಕಿನಿಂದ ಬಂದಿದೆ. ಸಂಸ್ಕೃತದ ‘ಧನ’ ಕನ್ನಡಿಗರ ಬಾಯಲ್ಲಿ ‘ದನ’ವಾಗಿ ಕೊಟ್ಟಿಗೆ ಸೇರಿತೆಂದು ನಿಘಂಟುಕಾರರು ಹೇಳುತ್ತಾರೆ. ರೋಮಿನಲ್ಲಿ ಮಂದೆ ಹಣವಾಯಿತು, ಇಲ್ಲಿ ಹಣ ಮಂದೆಯಾಯಿತು. ಇದೇ ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳ ಮ್ಯಾಸಬೇಡರ ಹಟ್ಟಿಗಳಲ್ಲಿ ‘ದೇವರ ಎತ್ತು’ಗಳೆಂಬ ಹಿಂಡುಗಳಿವೆ. ಅವನ್ನು ಉಳುವುದಕ್ಕೆ ಹೂಡುವುದಿಲ್ಲ, ಸಂತೆಗೆ ಹೊಡೆಯುವುದಿಲ್ಲ, ಕಿಲಾರಿಗಳು ಕಾಯುತ್ತಾರೆ. ಆ ದನಕ್ಕೆ ಬೆಲೆಯೇ ಇಲ್ಲ. ಟವೆಲ್ಲಿನಡಿಯ ಬೆರಳಿಗೆ ಅಲ್ಲಿ ಕೆಲಸವಿಲ್ಲ.

ಇಂದು ಜಗತ್ತಿನಲ್ಲಿ ಸುಮಾರು 50 ಕೋಟಿ ಜನರಿಗೆ ಸ್ಪ್ಯಾನಿಷ್ ತಾಯಿನುಡಿ. ಲ್ಯಾಟಿನ್ನಿನ ಹೆಣ್ಣುಮಕ್ಕಳಲ್ಲಿ ಅದೇ ಎಲ್ಲಕ್ಕಿಂತ ದೊಡ್ಡ ಸಂಸಾರ. ಆದರೆ ಸ್ಪ್ಯಾನಿಷ್ ಆಡುವವರು ಅಂಗಡಿಯಲ್ಲಿ ‘ಪೆಕೂನಿಯ’ ಎನ್ನುವುದಿಲ್ಲ. ಮ್ಯಾಡ್ರಿಡ್ಡಿನಲ್ಲಿರಲಿ, ಮೆಕ್ಸಿಕೋದಲ್ಲಿರಲಿ, ದುಡ್ಡಿಗೆ ಅವರು ದಿನವೂ ಬಳಸುವ ಮಾತು ‘ದಿನೇರೋ’. ಕನ್ನಡ ಬಲ್ಲವರಿಗೆ ತಟ್ಟನೆ ಅನ್ನಿಸುತ್ತದೆ: ದಿನಗೂಲಿಯವನಿಗೆ ದಿನದ ಕೊನೆಗೆ ಸಿಗುವುದೇ ದಿನೇರೋ ಇರಬೇಕು! ಹಾಗಲ್ಲ. ಮೊಳಕಾಲ್ಮುರು ಎಂಬ ಹೆಸರು ಕೇಳಿದೊಡನೆ ಮೊಳಕಾಲು ಮುರಿದ ಕತೆಯೊಂದು ಹೊಳೆಯುತ್ತದಲ್ಲ, ಅಂಥದೇ ಮೋಸ ಇದು. ಸದ್ದು ಒಂದೇ ಆದ ಮಾತ್ರಕ್ಕೆ ಪದಗಳು ಬಂಧುಗಳಾಗುವುದಿಲ್ಲ.

‘ದಿನೇರೋ’ದ ಬೇರಿರುವುದು ‘ದೇನೇರಿಯಸ್’ ಎಂಬ ರೋಮನ್ ಬೆಳ್ಳಿ ನಾಣ್ಯದಲ್ಲಿ. ಕಾರ್ಥೇಜಿನ ಹ್ಯಾನಿಬಾಲನೊಡನೆ ನಡೆದ ಯುದ್ಧದ ಮಧ್ಯೆ, ಸುಮಾರು ಕ್ರಿ.ಪೂ. 211ರಲ್ಲಿ ರೋಮ್ ಅದನ್ನು ಟಂಕಿಸಿತು. ಒಂದು ದೇನೇರಿಯಸ್‌ಗೆ ‘ಆಸ್’ ಎಂಬ ತಾಮ್ರದ ನಾಣ್ಯ ಹತ್ತು. ಹತ್ತಕ್ಕೆ ಲ್ಯಾಟಿನ್ನಿನಲ್ಲಿ ‘ದೆಕೆಮ್’. ಹತ್ತುಹತ್ತರಂತೆ ಎನ್ನುವುದಕ್ಕೆ ‘ದೇನಿ’. ಹತ್ತನ್ನು ಒಳಗೊಂಡದ್ದು ‘ದೇನೇರಿಯಸ್’. ಮೊದಮೊದಲ ನಾಣ್ಯಗಳ ಮೇಲೆ ರೋಮನ್ ಹತ್ತರ ಗುರುತಾದ ಗುಣಿಸು ಚಿಹ್ನೆಯಂಥ ಗೀಟೂ ಇತ್ತು. ಎಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ತಾಮ್ರದ ಬೆಲೆ ಇಳಿದು, ಒಂದು ದೇನೇರಿಯಸ್‌ಗೆ 16 ಆಸ್ ಎಂದಾಯಿತು. ಹೆಸರು ಮಾತ್ರ ಹತ್ತರದೇ ಉಳಿಯಿತು. ಹನ್ನೆರಡನೆಯ ತಿಂಗಳನ್ನು ಜಗತ್ತೆಲ್ಲ ಇಂದಿಗೂ ‘ಹತ್ತನೆಯದು’ ಎಂಬರ್ಥದ ಡಿಸೆಂಬರ್ ಎಂದು ಕರೆಯುವುದಿಲ್ಲವೆ, ಹಾಗೆ.

ಲ್ಯಾಟಿನ್ನಿನ ‘ದೆಕೆಮ್’ ಮತ್ತು ಸಂಸ್ಕೃತದ ‘ದಶ’ ಒಂದೇ ಬೀಜದ ಸಸಿಗಳು. 1786ರಲ್ಲಿ ಕಲ್ಕತ್ತೆಯಲ್ಲಿ ವಿಲಿಯಂ ಜೋನ್ಸ್ ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳು ಒಂದೇ ಮೂಲದಿಂದ ಬಂದಿರಬೇಕೆಂದು ಉಪನ್ಯಾಸ ಮಾಡಿದ್ದು ಇಂಥ ಹೋಲಿಕೆಗಳನ್ನು ಹಿಡಿದೇ. ಕನ್ನಡದ ‘ಹತ್ತು’ ಬೇರೆಯ ಮನೆಯದು, ದ್ರಾವಿಡದ್ದು. ಆ ಹತ್ತರ ಮಾತು ಮುಂದೆ ಬರುತ್ತದೆ.

ಇಷ್ಟೆಲ್ಲ ದೂರದ ಕತೆ ಚಳ್ಳಕೆರೆಗೆ ಏಕೆ ಎಂದು ಕೇಳಬಹುದು. ಚಳ್ಳಕೆರೆಯಿಂದ ಬಸ್ಸಿನಲ್ಲಿ ಒಂದು ಗಂಟೆಯೂ ಬೇಡ, ಚಿತ್ರದುರ್ಗ ಸಿಗುತ್ತದೆ. ಕೋಟೆಯ ಬುಡದಲ್ಲಿ ಚಂದ್ರವಳ್ಳಿ. ಕದಂಬರ ಮಯೂರಶರ್ಮನ ಕೆರೆ ಶಾಸನವಿರುವ ಆ ತಾಣದ ಮಣ್ಣಿನಲ್ಲಿ ಶಾತವಾಹನರ ಕಾಲದ ಸೀಸದ ನಾಣ್ಯಗಳ ಜೊತೆಗೆ ಅಗಸ್ಟಸ್ ಮತ್ತು ತಿಬೇರಿಯಸ್ ಚಕ್ರವರ್ತಿಗಳ ಬೆಳ್ಳಿ ದೇನೇರಿಯಸ್‌ಗಳು ಸಿಕ್ಕಿವೆ. ಅಗಸ್ಟಸ್ ತೀರಿಕೊಂಡದ್ದು ಕ್ರಿ.ಶ. 14ರಲ್ಲಿ, ತಿಬೇರಿಯಸ್ 37ರಲ್ಲಿ. ಸ್ಪ್ಯಾನಿಷ್ ಎಂಬ ಭಾಷೆ ಹುಟ್ಟುವ ಎಷ್ಟೋ ಶತಮಾನ ಮೊದಲು ‘ದಿನೇರೋ’ ಚಿತ್ರದುರ್ಗಕ್ಕೆ ಬಂದಿತ್ತು ಎಂದರೆ ಸ್ವಲ್ಪ ಉತ್ಪ್ರೇಕ್ಷೆ, ಅಷ್ಟೇ. ಬೆಂಗಳೂರಿನ ಯಶವಂತಪುರದಲ್ಲೂ 1891ರಲ್ಲಿ ರೈಲುದಾರಿಯ ಕೆಲಸದ ವೇಳೆ ಇಂಥ ನಾಣ್ಯಗಳ ಗಂಟು ಸಿಕ್ಕಿತ್ತು.

ಆ ನಾಣ್ಯಗಳು ಬಂದದ್ದು ಮುಂಗಾರಿನ ಗಾಳಿಯ ಮೇಲೆ. ಕೆಂಪು ಸಮುದ್ರದಿಂದ ಹೊರಟ ಹಡಗುಗಳು ಮಲಬಾರಿನ ಮುಜಿರಿಸ್ ಮೊದಲಾದ ಬಂದರುಗಳಿಗೆ ಬಂದು ಮೆಣಸು, ಮುತ್ತು, ಮಸ್ಲಿನ್ ತುಂಬಿಕೊಂಡು ಹೋಗುತ್ತಿದ್ದವು. ಕೊಡುವುದಕ್ಕೆ ಅವರ ಬಳಿ ಇದ್ದ ಮುಖ್ಯ ಸರಕು ಬೆಳ್ಳಿ, ಬಂಗಾರ. ಭಾರತ ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್‌ಗಳಿಗೆ ಕಡಿಮೆಯಿಲ್ಲದಂತೆ ರೋಮಿನ ಹಣ ಹೀರುತ್ತದೆಂದು ಪ್ಲಿನಿ ಎಂಬ ರೋಮನ್ ಲೇಖಕ ಕ್ರಿ.ಶ. ಒಂದನೆಯ ಶತಮಾನದಲ್ಲಿ ಗೊಣಗಿಕೊಂಡಿದ್ದಾನೆ. ನಾಲ್ಕು ಸೆಸ್ಟರ್ಸ್‌ಗೆ ಒಂದು ದೇನೇರಿಯಸ್. ಅಲ್ಲಿಗೆ ವರ್ಷಕ್ಕೆ ಒಂದೂಕಾಲು ಕೋಟಿ ದೇನೇರಿಯಸ್. ಪ್ಲಿನಿಯ ಲೆಕ್ಕ ಎಷ್ಟು ಸರಿಯೆಂಬುದರ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಅವನ ಸಂಕಟವಂತೂ ನಿಜವಾದದ್ದೇ.

ಚಳ್ಳಕೆರೆಯಿಂದ ಬಳ್ಳಾರಿಯ ಹಾದಿ ಹಿಡಿದರೆ ಮೊದಲು ಸಿಗುವ ದೊಡ್ಡ ಊರು ತಳಕು. ಟಿ.ಎಸ್. ವೆಂಕಣ್ಣಯ್ಯ, ತ.ಸು. ಶಾಮರಾಯ, ತ.ರಾ.ಸು. ಅವರ ಮನೆತನದ ಊರು. ಕುವೆಂಪು ತಮ್ಮ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಅರ್ಪಿಸಿದ್ದು ಗುರುಗಳಾದ ಈ ವೆಂಕಣ್ಣಯ್ಯನವರಿಗೆ. ಬಸ್ಸು ನಿಲ್ಲುವುದು ಎರಡು ನಿಮಿಷ. ಆಮೇಲೆ ಮತ್ತೆ ಬೋಳು ಗುಡ್ಡ, ಶೇಂಗಾ ಹೊಲ, ಜಾಲಿ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆ ಇದು. ಬಳ್ಳಾರಿ ಹತ್ತಿರವಾದಂತೆ ‘ದುಡ್ಡು’ ‘ರೊಕ್ಕ’ವಾಗುತ್ತದೆ, ತೆಲುಗು ಮನೆಮಾತಿನವರ ನಡುವೆ ‘ಡಬ್ಬು’ ಆಗುತ್ತದೆ. ಒಂದೇ ಬಸ್ಸಿನಲ್ಲಿ ಕಂಡಕ್ಟರು ಮೂರನ್ನೂ ಕೇಳಿಸಿಕೊಂಡು ಮೂರಕ್ಕೂ ಚಿಲ್ಲರೆ ಕೊಡುತ್ತಾನೆ.

ಮೊಳಕಾಲ್ಮುರಿನಲ್ಲಿ ಕೇಳಬೇಕಾದದ್ದು ಮಗ್ಗದ ಸದ್ದು. ಇಲ್ಲಿನ ರೇಷ್ಮೆ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ‘ರೇಷ್ಮೆ’ ಎಂಬ ಮಾತು ಕನ್ನಡಕ್ಕೆ ಪಾರ್ಸಿಯಿಂದ ಬಂತು. ಸ್ಪ್ಯಾನಿಷಿನವರು ರೇಷ್ಮೆಗೆ ‘ಸೆದ’ ಎನ್ನುತ್ತಾರೆ. ಅದರ ಮೂಲವಾದ ಲ್ಯಾಟಿನ್ ‘ಸೇತ’ಕ್ಕೆ ಹಂದಿಯ ಬೆನ್ನಿನ ಬಿರುಗೂದಲು ಎಂಬ ಅರ್ಥವಿತ್ತೆಂದರೆ ನೇಯುವವರು ನಗಬಹುದು. ನೂಲಿಗೆ ಅವರ ಮಾತು ‘ಇಲೋ’. ಬರೆಯುವಾಗ ಮೊದಲಲ್ಲಿ ಹಕಾರವಿದೆ, ಓದುವಾಗ ಇಲ್ಲ. ಲ್ಯಾಟಿನ್ನಿನಲ್ಲಿ ಅದು ‘ಫಿಲುಮ್’. ಹಿಟ್ಟು ಲ್ಯಾಟಿನ್ನಿನಲ್ಲಿ ‘ಫರೀನ’, ಸ್ಪ್ಯಾನಿಷಿನಲ್ಲಿ ‘ಹರೀನ’ ಎಂದು ಬರೆದು ‘ಅರೀನ’ ಎಂದು ಓದುತ್ತಾರೆ. ಒಲೆ ‘ಫುರ್ನುಸ್’ ಇದ್ದದ್ದು ‘ಓರ್ನೋ’ ಆಯಿತು.

ಈ ಫಕಾರ ಹಕಾರವಾಗುವ ಆಟ ಕನ್ನಡಿಗರಿಗೆ ಬಹಳ ಪರಿಚಿತ. ಹಳಗನ್ನಡದ ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು, ಪತ್ತು ಹತ್ತಾಯಿತು. ಹತ್ತನೆಯ ಶತಮಾನದ ಹೊತ್ತಿಗೆ ಶಾಸನಗಳಲ್ಲಿ ತಲೆ ಹಾಕಿದ ಈ ಬದಲಾವಣೆ ಮುಂದಿನ ನಾಲ್ಕು ಶತಮಾನಗಳಲ್ಲಿ ನಾಡನ್ನೆಲ್ಲ ಆವರಿಸಿತು. ಹೆಚ್ಚುಕಡಿಮೆ ಅದೇ ಕಾಲದಲ್ಲಿ, ಯಾವ ಸಂಬಂಧವೂ ಇಲ್ಲದೆ, ಸ್ಪೇನಿನ ಜನರೂ ತಮ್ಮ ಫಕಾರಗಳನ್ನು ಹಕಾರ ಮಾಡಿಕೊಳ್ಳುತ್ತಿದ್ದರು. ಅಲ್ಲಿ ಆ ಹಕಾರವೂ ಬಾಯಿಂದ ಉದುರಿ ಬರವಣಿಗೆಯಲ್ಲಿ ಮಾತ್ರ ಉಳಿಯಿತು. ಹಳೇ ಮೈಸೂರಿನ ಕಡೆಯ ಹಳ್ಳಿಗಳಲ್ಲಿ ‘ಆಲು’, ‘ಅಣ್ಣು’, ‘ಊವು’ ಎನ್ನುವ ಮಕ್ಕಳನ್ನು ಮೇಷ್ಟ್ರು ಗದರಿಸುವುದುಂಟು. ಮನೆಯಲ್ಲಿ ಅಪ್ಪ ಅಮ್ಮನೂ ನಾಚಿಕೊಳ್ಳುವುದುಂಟು. ಶಾಲೆಯ ಬರವಣಿಗೆಗೆ ಹಕಾರ ಬೇಕು, ಸರಿ. ಆದರೆ ಅದನ್ನು ಬಿಟ್ಟ ಮಗುವಿನ ನಾಲಗೆಯಲ್ಲಿ ದೋಷವೇನೂ ಇಲ್ಲ. ಅದೇ ಕೆಲಸ ಮಾಡಿದ ಸ್ಪ್ಯಾನಿಷಿನಲ್ಲಿ ಸಾಹಿತ್ಯವೂ ಬೆಳೆಯಿತು, ರಾಜ್ಯಗಳೂ ಬೆಳೆದವು.

ಕನ್ನಡದ ‘ಹಣ’ವೂ ಇದೇ ದಾರಿಯಲ್ಲಿ ಬಂದದ್ದು. ಅದು ಸಂಸ್ಕೃತದ ‘ಪಣ’. ಜೂಜಿಗೆ ಒಡ್ಡುವುದೂ ಪಣ, ನಾಣ್ಯವೂ ಪಣ. ನಾಣ್ಯದ ಪಣ ಹಕಾರ ತೊಟ್ಟು ಹಣವಾಯಿತು. ‘ಪಣಕ್ಕಿಡು’, ‘ಪಣ ತೊಡು’ ಎನ್ನುವಾಗ ಹಳೆಯ ಪಕಾರ ಹಾಗೇ ಕುಳಿತಿದೆ. ಸ್ಪ್ಯಾನಿಷಿನಲ್ಲೂ ಒಂದೇ ಲ್ಯಾಟಿನ್ ‘ಫಿಲುಮ್’ ನೂಲಿಗೆ ‘ಇಲೋ’ ಆಗಿ, ಕತ್ತಿಯ ಅಲಗಿಗೆ ‘ಫಿಲೋ’ ಆಗಿ ಎರಡು ಮನೆ ಮಾಡಿದೆ. ಈ ಹಣ ಹೊರದೇಶದವರ ಬಾಯಿಗೆ ಬಿದ್ದು ‘ಫನಮ್’ ಆಯಿತು. ಮೈಸೂರಿನ ಕಂಠೀರವ ನರಸರಾಜ ಒಡೆಯರ (1638–1659) ಪುಟ್ಟ ಚಿನ್ನದ ಹಣವನ್ನು ಇಂಗ್ಲಿಷ್ ಪುಸ್ತಕಗಳು ಫನಮ್ ಎಂದೇ ಬರೆಯುತ್ತವೆ. ಹೀಗೆ ಪಕಾರ ಇಲ್ಲಿ ಹಕಾರವಾದರೆ, ಅಲ್ಲಿ ಫಕಾರವಾಯಿತು!

ರೋಮಿನ ದೇನೇರಿಯಸ್ಸೂ ಸುಮ್ಮನೆ ಕೂರಲಿಲ್ಲ. ಸಂಸ್ಕೃತದಲ್ಲಿ ಅದು ‘ದೀನಾರ’. ಅಮರಕೋಶದಲ್ಲಿ ಆ ಪದವಿದೆ. ಗುಪ್ತರ ಕಾಲದ ದಾನಶಾಸನಗಳಲ್ಲಿ ದೀನಾರಗಳ ಲೆಕ್ಕವಿದೆ. ಅರಬ್ಬರಲ್ಲಿ ಅದೇ ‘ದಿನಾರ್’ ಎಂಬ ಚಿನ್ನದ ನಾಣ್ಯವಾಯಿತು. ಕುವೈತ್, ಬಹರೇನ್, ಇರಾಕ್, ಜೋರ್ಡಾನ್, ಟ್ಯುನೀಸಿಯ, ಸೆರ್ಬಿಯಗಳಲ್ಲಿ ಇಂದಿಗೂ ನಡೆಯುವುದು ಅದೇ ಹೆಸರಿನ ಹಣ. ಇಂಗ್ಲೆಂಡಿನಲ್ಲಿ ಪೆನ್ನಿಗೆ 1971ರವರೆಗೆ ‘ಡಿ’ ಎಂಬ ಅಕ್ಷರ ಬರೆಯುತ್ತಿದ್ದುದೂ ದೇನೇರಿಯಸ್ಸಿನ ನೆನಪಿಗೇ. ಕುವೈತಿನಲ್ಲಿ ದುಡಿದು ಊರಿಗೆ ದಿನಾರ್ ಕಳಿಸುವ ಕರಾವಳಿಯ ಮಗನೂ, ಮೆಕ್ಸಿಕೋದಲ್ಲಿ ದಿನೇರೋ ಎಣಿಸುವ ಅಂಗಡಿಯವನೂ, ಚಂದ್ರವಳ್ಳಿಯಲ್ಲಿ ಯಾವತ್ತೋ ಬೆಳ್ಳಿಯ ಬಿಲ್ಲೆ ಕಳೆದುಕೊಂಡ ವರ್ತಕನೂ ಒಂದೇ ಮಾತನ್ನು ಮೂರು ಬಗೆಯಲ್ಲಿ ಆಡಿದವರು.

ಇನ್ನೊಂದು ಸಣ್ಣ ವಿಷಯ. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ನಾಣ್ಯಗಳ ಮೇಲೆ ಕನ್ನಡದಲ್ಲಿ ‘ಮಯಿಲಿ ಕಾಸು’ ಎಂದೂ, ಇಂಗ್ಲಿಷಿನಲ್ಲಿ ರೋಮನ್ ಅಂಕಿಯ ಜೊತೆ ‘ಕ್ಯಾಶ್’ ಎಂದೂ ಇದೆ. ಈ ಕ್ಯಾಶ್ ನಾಣ್ಯದ ಹೆಸರು; ಪೋರ್ಚುಗೀಸರ ನಾಲಗೆಯಲ್ಲಿ ತಿರುಚಿಕೊಂಡ ‘ಕಾಸು’. ಅಂಗಡಿಯಲ್ಲಿ ‘ಕ್ಯಾಶ್ ಕೊಡಿ’ ಎನ್ನುವಾಗಿನ ಕ್ಯಾಶ್ ಬೇರೆ; ಅದು ಲ್ಯಾಟಿನ್ನಿನ ‘ಕಾಪ್ಸ’, ಅಂದರೆ ಪೆಟ್ಟಿಗೆ. ಸದ್ದು ಒಂದೇ, ಕುಲ ಬೇರೆ.

ಮೊಳಕಾಲ್ಮುರು ತಾಲ್ಲೂಕಿನ ಅಶೋಕ ಸಿದ್ದಾಪುರದ ಹಾದಿಯಲ್ಲಿ ಮೂರು ಬೆಟ್ಟಗುಂಡುಗಳಿವೆ: ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. ಮೂರರ ಮೇಲೂ ಅಶೋಕನ ಶಾಸನವಿದೆ. 1892ರಲ್ಲಿ ಬಿ.ಎಲ್. ರೈಸ್ ಇವನ್ನು ಪತ್ತೆಹಚ್ಚಿದರು. ಅದಕ್ಕೆ ಮುನ್ನವೇ ಬ್ರಹ್ಮಗಿರಿಯ ಬಂಡೆಗೆ ಹಳ್ಳಿಯವರು ‘ಅಕ್ಷರಗುಂಡು’ ಎಂದು ಹೆಸರಿಟ್ಟಿದ್ದರು. ಓದಲು ಬಾರದಿದ್ದರೂ ಅಕ್ಷರವೆಂದು ಅವರಿಗೆ ಗೊತ್ತಿತ್ತು. ಜಟಾಯು ಬಿದ್ದ ಜಾಗವೆಂಬ ಕತೆಯಿರುವ ಜಟಿಂಗ ರಾಮೇಶ್ವರದಲ್ಲಿ ಜಾತ್ರೆಯ ಬಳೆ ಅಂಗಡಿಗಳು ಕೂರುತ್ತಿದ್ದುದರಿಂದ ಅಲ್ಲಿನ ಬಂಡೆ ‘ಬಳೆಗಾರ ಗುಂಡು’.

ಶಾಸನದ ಭಾಷೆ ಪ್ರಾಕೃತ. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಕಳಿಸಿದ ಆಜ್ಞೆ. ಇಸಿಲ ಎಂಬುದು ಬಾಣ ಎಸೆಯುವ ಅರ್ಥದ ಕನ್ನಡ ಪದವೇ ಎಂದು ಡಿ.ಎಲ್. ನರಸಿಂಹಾಚಾರ್ ಅವರ ಅಭಿಪ್ರಾಯ. ತಾಯಿ ತಂದೆಯ ಮಾತು ಕೇಳಬೇಕು, ಗುರುವನ್ನು ಶಿಷ್ಯ ಗೌರವಿಸಬೇಕು, ಸತ್ಯ ನುಡಿಯಬೇಕು ಎಂದು ಅದರಲ್ಲಿದೆ. ಪರೀಕ್ಷೆಯ ಕಾಲದಲ್ಲಿ ಮಕ್ಕಳನ್ನು ಅಲ್ಲಿಗೆ ಕರೆದೊಯ್ದ ತಂದೆತಾಯಿಗೆ ಇದಕ್ಕಿಂತ ಅನುಕೂಲದ ಬಂಡೆ ಸಿಗದು! ಪಿತೃ, ಮಾತೃ, ದೇವ ಈ ಮೂರಕ್ಕೂ ಲ್ಯಾಟಿನ್ನಿನ ಪಾತೆರ್, ಮಾತೆರ್, ದೇಉಸ್ ಬಂಧುಗಳು. ಅವೇ ಸ್ಪ್ಯಾನಿಷಿನಲ್ಲಿ ಪಾದ್ರೆ, ಮಾದ್ರೆ, ದಿಯೋಸ್.

ಬಂಡೆಯ ಸುತ್ತಲ ದಿಬ್ಬಗಳಲ್ಲಿ ಮೊದಲು ಮೈಸೂರಿನ ಎಂ.ಎಚ್. ಕೃಷ್ಣ, 1947ರಲ್ಲಿ ಮಾರ್ಟಿಮರ್ ವೀಲರ್ ಅಗೆದರು. ವೀಲರ್ ಕಂಡದ್ದು ಒಂದರ ಮೇಲೊಂದು ಮೂರು ಸಂಸ್ಕೃತಿಗಳ ಪದರ: ಅಡಿಯಲ್ಲಿ ಕಲ್ಲುಕೊಡಲಿಯವರು, ಅವರ ಮೇಲೆ ಕಬ್ಬಿಣ ಬಳಸಿ ಬಂಡೆ ಗೋರಿ ಕಟ್ಟಿದವರು, ಮೇಲುಗಡೆ ಶಾತವಾಹನರ ಕಾಲದವರು. ಯಾವುದು ಯಾವಾಗ? ಅಶೋಕನ ಬಂಡೆ ದಿಬ್ಬದ ಹೊರಗಿದೆ. ಒಳಗಿನ ಮಣ್ಣಿಗೆ ಅದರಿಂದ ತಾರೀಖು ಸಿಗುವುದಿಲ್ಲ. ವೀಲರ್ ಅದೇ ವರ್ಷ ಚಂದ್ರವಳ್ಳಿಯನ್ನೂ ಅಗೆದಿದ್ದರು. ಅಲ್ಲಿ ಮೇಲಿನ ಪದರದ ಮಡಕೆಗಳ ಜೊತೆಯಲ್ಲೇ ರೋಮನ್ ದೇನೇರಿಯಸ್ ಇತ್ತು. ಅದೇ ಬಗೆಯ ಮಡಕೆಗಳು ಬ್ರಹ್ಮಗಿರಿಯಲ್ಲೂ ಇದ್ದವು. ತಳದಲ್ಲಿ ಹಲ್ಲುಚಕ್ರ ಉರುಳಿಸಿದಂತೆ ಸುತ್ತುಗೆರೆಗಳಿರುವ ಒಂದು ಜಾತಿಯ ತಟ್ಟೆ, 1945ರಲ್ಲಿ ಪುದುಚೇರಿ ಬಳಿಯ ಅರಿಕಮೇಡಿನಲ್ಲಿ ಇಟಲಿಯ ಮಡಕೆಯ ಜೊತೆ ಸಿಕ್ಕಿದ್ದು, ಅದೂ ಇಲ್ಲಿತ್ತು. ಹಾಗಾಗಿ ಮೇಲಿನ ಪದರ ಕ್ರಿ.ಶ. ಒಂದನೆಯ ಶತಮಾನದ ಆಸುಪಾಸಿನದು, ಕೆಳಗಿನವು ಅದಕ್ಕೂ ಹಿಂದಿನವು ಎಂದು ಲೆಕ್ಕ ಕಟ್ಟಲಾಯಿತು. ಕೆಳಗಿನ ಪದರಗಳಿಗೆ ವೀಲರ್ ಕೊಟ್ಟ ಕಾಲ ತೀರ ಈಚಿನದಾಯಿತೆಂದು ಮುಂದೆ ತಿಳಿಯಿತು. ರೇಡಿಯೋ ಕಾರ್ಬನ್ ಪರೀಕ್ಷೆಗಳು ದಕ್ಷಿಣದ ಕಲ್ಲುಕೊಡಲಿಯವರನ್ನು ಕ್ರಿ.ಪೂ. ಮೂರನೆಯ ಸಹಸ್ರಮಾನದವರೆಗೆ ಹಿಂದಕ್ಕೆ ಒಯ್ದಿವೆ. ಆದರೂ ದಕ್ಷಿಣ ಭಾರತದ ಇತಿಹಾಸಪೂರ್ವ ಕಾಲಕ್ಕೆ ಮೊದಲ ಗಟ್ಟಿ ಮೊಳೆ ಹೊಡೆದದ್ದು ಹೀಗೆ, ಹತ್ತು ಕಾಸಿನ ಹೆಸರಿನ ಪರದೇಶಿ ನಾಣ್ಯದ ನೆರವಿನಿಂದ.

ಆ ನಾಣ್ಯ ಮಾತಾಡಿದ್ದು ತನ್ನ ಪದರದಲ್ಲಿ, ತನ್ನ ಮಡಕೆಗಳ ಜೊತೆ ಸಿಕ್ಕಿತೆಂಬ ಕಾರಣಕ್ಕೆ. ಅದೇ ಬಿಲ್ಲೆಯನ್ನು ರಾತ್ರೋರಾತ್ರಿ ಯಾರೋ ಅಗೆದು ಅಕ್ಕಸಾಲಿಗನ ಮೂಸೆಗೆ ಹಾಕಿದ್ದರೆ ನಾಲ್ಕು ಗ್ರಾಮಿಗೂ ಕಡಿಮೆ ಬೆಳ್ಳಿ ಸಿಗುತ್ತಿತ್ತು, ಅಷ್ಟೇ. ಚಿತ್ರದುರ್ಗ ಜಿಲ್ಲೆಯಲ್ಲಿ ಹಳೆಯ ಗುಡಿಗಳ ನೆಲ, ಬೆಟ್ಟದ ಗೋರಿಗಲ್ಲು, ವೀರಗಲ್ಲಿನ ಬುಡಗಳನ್ನು ನಿಧಿಯಾಸೆಗೆ ಅಗೆದ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ನಿಧಿ ಸಿಗುವುದು ಅಪರೂಪ; ಪದರ ಕದಡುವುದು ಖಂಡಿತ. ನೆಲದಲ್ಲಿ ಸಿಕ್ಕದ್ದನ್ನು ಸರಕಾರಕ್ಕೆ ತಿಳಿಸಬೇಕೆಂಬ ಕಾನೂನು ಬ್ರಿಟಿಷರ ಕಾಲದಿಂದಲೂ ಇದೆ. ಹೊಲದಲ್ಲಿ ಹಳೆಯ ಬಿಲ್ಲೆ ಸಿಕ್ಕ ಹುಡುಗ ಅದನ್ನು ಉಜ್ಜದೆ, ಸಿಕ್ಕ ಜಾಗಕ್ಕೆ ಒಂದು ಕಲ್ಲು ಗುರುತಿಟ್ಟು, ಮನೆಯವರ ಜೊತೆ ಹೋಗಿ ತಾಲ್ಲೂಕು ಕಚೇರಿಗೆ ತಿಳಿಸಿದರೆ ಪದರದ ಅರ್ಧ ಕತೆಯಾದರೂ ಉಳಿಯುತ್ತದೆ.

ಬ್ರಹ್ಮಗಿರಿಗೆ ಹೋಗುವವರು ಬಿಸಿಲೇರುವ ಮುನ್ನ ಹೋಗುವುದು ಒಳ್ಳೆಯದು. ಕುಡಿಯುವ ನೀರು ಜೊತೆಗಿರಲಿ. ಮೂರೂ ಬಂಡೆಗಳನ್ನು ಒಂದೇ ದಿನ ನೋಡಬೇಕೆಂದರೆ ಜಟಿಂಗ ರಾಮೇಶ್ವರದ ಮೆಟ್ಟಿಲುಗಳನ್ನು ಮೊದಲು ಹತ್ತಿಬಿಡಬೇಕು. ಅಕ್ಷರಗುಂಡಿನ ಬಳಿ ಶಾಸನದ ಕೊನೆಯ ಸಾಲನ್ನು ಹುಡುಕಬೇಕು. ಅಲ್ಲಿ ಚಪಡನೆಂಬ ಬರಹಗಾರ ತನ್ನ ಹೆಸರು ಹಾಕಿದ್ದಾನೆ. ಎಲ್ಲವನ್ನೂ ಎಡದಿಂದ ಬಲಕ್ಕೆ ಬ್ರಾಹ್ಮಿಯಲ್ಲಿ ಬರೆದವನು, ಲಿಪಿಕಾರ ಎಂಬ ತನ್ನ ಕಸುಬಿನ ಪದವನ್ನು ಮಾತ್ರ ಬಲದಿಂದ ಎಡಕ್ಕೆ ಓಡುವ ಖರೋಷ್ಠಿಯಲ್ಲಿ, ದೂರದ ಗಾಂಧಾರದ ಕಡೆಯ ಅಕ್ಷರಗಳಲ್ಲಿ ಬರೆದಿದ್ದಾನೆ. ಆ ಪದದಲ್ಲಿರುವ ‘ಲಿಪಿ’ಯೂ ಹಳೆಯ ಪರ್ಶಿಯನ್ನಿನ ‘ದಿಪಿ’ಯಿಂದ ಬಂದದ್ದು.